ಒರಟು ರಸ್ತೆಯಲ್ಲಿ ಸ್ವಚ್ಛ ವಾಹಿನಿ: ವಾಹನದ ಸಸ್ಪೆನ್ಷನ್, ಸ್ಥಿರತೆ ಮತ್ತು ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಲೇಖನ)

ನಿಪ್ಪಾಣಿ ತಾಲೂಕಿನ ಗ್ರಾಮೀಣ ರಸ್ತೆಗಳಿಗೆ ವರ್ಷದಲ್ಲಿ ಎರಡು ಪರೀಕ್ಷೆಗಳು ಎದುರಾಗುತ್ತವೆ. ಮೊದಲನೆಯದು ಮುಂಗಾರು. ವೇದಗಂಗಾ ಮತ್ತು ದೂಧಗಂಗಾ ನದಿಗಳು ಉಕ್ಕಿದಾಗ ಜತ್ರಾಟ–ಭಿವಶಿ, ಅಕ್ಕೋಳ–ಸಿದ್ನಾಳ, ಕಾರದಗಾ–ಭೋಜ ಮಾರ್ಗಗಳ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. ನೀರು ಇಳಿದ ಮೇಲೆ ರಸ್ತೆಯ ಅಂಚು ಕುಸಿದಿರುತ್ತದೆ, ಡಾಂಬರು ಎದ್ದಿರುತ್ತದೆ. ಎರಡನೆಯದು ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹೊಲದಿಂದ ಕಾರ್ಖಾನೆಯವರೆಗೆ ತಿಂಗಳುಗಟ್ಟಲೆ ಅದೇ ದಾರಿಯನ್ನು ತುಳಿಯುತ್ತವೆ. ಈ ಎರಡು ಪರೀಕ್ಷೆಗಳ ನಡುವೆ ಪ್ರತಿದಿನ ಬೆಳಿಗ್ಗೆ ಅದೇ ರಸ್ತೆಯಲ್ಲಿ ಮನೆಮನೆಯ ಕಸ ಸಂಗ್ರಹಿಸುತ್ತ ಸಾಗುವ ವಾಹನವೇ ಗ್ರಾಮ ಪಂಚಾಯತಿಯ ಸ್ವಚ್ಛ ವಾಹಿನಿ.

ರಾಜ್ಯದ ಅನೇಕ ಪಂಚಾಯತಿಗಳಲ್ಲಿ ಈ ವಾಹನವನ್ನು ಸಂಜೀವಿನಿ ಒಕ್ಕೂಟದ ಸ್ವಸಹಾಯ ಸಂಘಗಳ ಮಹಿಳೆಯರೇ ತರಬೇತಿ ಪಡೆದು ಚಲಾಯಿಸುತ್ತಿದ್ದಾರೆ. ವಾಹನ ಕೆಟ್ಟು ನಿಂತರೆ ಕಸ ಸಂಗ್ರಹವೂ ನಿಲ್ಲುತ್ತದೆ. ತಿರುವಿನಲ್ಲಿ ಮಗುಚಿದರೆ ಚಾಲಕಿಯ ಮತ್ತು ಜೊತೆಗಿರುವ ಕಾರ್ಮಿಕರ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ವಾಹನದ ಸಸ್ಪೆನ್ಷನ್ ಎಂಬುದು ಕೇವಲ ಗ್ಯಾರೇಜಿನ ವಿಷಯವಲ್ಲ. ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ಚರ್ಚೆಗೆ ಬರಬೇಕಾದ ವಿಷಯವೂ ಹೌದು.

1. ಸಸ್ಪೆನ್ಷನ್ ಮಾಡುವ ಕೆಲಸವೇನು?

ಚಕ್ಕಡಿಗೆ ಸ್ಪ್ರಿಂಗ್ ಇಲ್ಲ. ಗಾಲಿ ಕಲ್ಲಿನ ಮೇಲೆ ಹತ್ತಿದಷ್ಟೇ ಎತ್ತರಕ್ಕೆ ಅಚ್ಚೂ ಅದರ ಮೇಲಿನ ಹೇರೂ ಏಳುತ್ತವೆ. ಎತ್ತಿನ ನಡಿಗೆಯ ವೇಗದಲ್ಲಿ ಇದು ನಡೆಯುತ್ತದೆ. ವೇಗ ಹೆಚ್ಚಿದರೆ ಅದೇ ಕಲ್ಲು ಹೇರನ್ನು ಎತ್ತಿ ಎಸೆಯುತ್ತದೆ. ಕುದುರೆಗಾಡಿಗಳ ಕಾಲದಲ್ಲೇ ಈ ತೊಡಕಿಗೆ ಪರಿಹಾರ ಹುಡುಕಿದ ಇಂಗ್ಲೆಂಡಿನ ಒಬಾಡಿಯಾ ಎಲಿಯಟ್, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಿಗೆ 1804ರಲ್ಲಿ ಪೇಟೆಂಟ್ ಪಡೆದನು. ಇಂದು ಸಣ್ಣ ಸರಕು ವಾಹನಗಳ ಹಿಂಬದಿಯಲ್ಲಿ ಕಾಣುವ, ಗ್ಯಾರೇಜುಗಳಲ್ಲಿ ‘ಪಾಟಾ’ ಎಂದು ಕರೆಯುವ ಎಲೆ ಸ್ಪ್ರಿಂಗ್ ಅದೇ ವಂಶದ್ದು.

ಸಸ್ಪೆನ್ಷನ್ನಿಗೆ ಮೂರು ಕೆಲಸಗಳಿವೆ. ವಾಹನದ ಭಾರವನ್ನು ಹೊರುವುದು ಒಂದು. ರಸ್ತೆಯ ಏಟು ಮೇಲಕ್ಕೆ ತಲುಪದಂತೆ ತಡೆಯುವುದು ಎರಡು. ಚಕ್ರವನ್ನು ಸದಾ ನೆಲಕ್ಕೆ ಒತ್ತಿ ಹಿಡಿಯುವುದು ಮೂರು. ಜನರು ಮೊದಲ ಎರಡನ್ನು ಮಾತ್ರ ನೆನೆಯುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಮೂರನೆಯದೇ ಮುಖ್ಯ. ನೆಲಬಿಟ್ಟ ಚಕ್ರಕ್ಕೆ ಬ್ರೇಕ್ ಹಾಕಿದರೂ ವಾಹನ ನಿಲ್ಲುವುದಿಲ್ಲ, ಸ್ಟೀರಿಂಗ್ ತಿರುಗಿಸಿದರೂ ಹೊರಳುವುದಿಲ್ಲ.

ಫ್ರಾನ್ಸಿನ ಸಿಟ್ರನ್ ಸಂಸ್ಥೆ 1948ರಲ್ಲಿ ರೈತರಿಗಾಗಿ ಹೊರತಂದ 2ಸಿವಿ ಎಂಬ ಕಾರು ಇಲ್ಲಿ ಸ್ಮರಣೀಯ. ಬುಟ್ಟಿ ತುಂಬ ಮೊಟ್ಟೆ ಇಟ್ಟುಕೊಂಡು ಉತ್ತ ಹೊಲದಲ್ಲಿ ಸಾಗಿದರೂ ಒಂದು ಮೊಟ್ಟೆ ಒಡೆಯಬಾರದು ಎಂಬುದು ಅದರ ವಿನ್ಯಾಸಕಾರರಿಗೆ ಹಾಕಲಾಗಿದ್ದ ಷರತ್ತು. ಅವರು ಸ್ಪ್ರಿಂಗನ್ನು ಗಟ್ಟಿ ಮಾಡಲಿಲ್ಲ. ಮೆತ್ತಗೆ ಮಾಡಿ, ಚಕ್ರಕ್ಕೆ ಮೇಲೆ ಕೆಳಗೆ ಚಲಿಸಲು ಹೆಚ್ಚು ಅವಕಾಶ ಕೊಟ್ಟರು. ಒರಟು ದಾರಿಗೆ ಗಟ್ಟಿ ಸ್ಪ್ರಿಂಗ್ ಬೇಕೆಂಬ ನಂಬಿಕೆಗೆ ಈ ಕಾರು ದೊಡ್ಡ ಉತ್ತರವಾಗಿದೆ.

2. ‘ಇನ್ನೊಂದು ಪಾಟಾ’ ಎಂಬ ತಪ್ಪು ಪರಿಹಾರ

ವಾಹನ ಹಿಂದೆ ಕುಸಿದು ಕುಳಿತಂತೆ ಕಂಡರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಲಹೆ ಒಂದೇ: “ಅಕ್ಕಾರ, ಇನ್ನೊಂದು ಪಾಟಾ ಹಾಕಸ್ರಿ, ಗಾಡಿ ಗಟ್ಟಿ ಆಗ್ತೈತಿ.” ಈ ಸಲಹೆಯನ್ನು ಲೆಕ್ಕ ಹಾಕಿ ಪರೀಕ್ಷಿಸಬಹುದು.

ಭಾರಕ್ಕೆ ಸ್ಪ್ರಿಂಗ್ ಎಷ್ಟು ಸೆಂಟಿಮೀಟರ್ ಕುಸಿಯುತ್ತದೆಯೋ ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿದರೆ, ವಾಹನ ಸೆಕೆಂಡಿಗೆ ಎಷ್ಟು ಸಲ ಜಿಗಿಯಲು ಒಲವು ತೋರುತ್ತದೆ ಎಂಬುದು ಸ್ಥೂಲವಾಗಿ ದೊರೆಯುತ್ತದೆ. ಕುಸಿತ 25 ಸೆಂ.ಮೀ. ಇದ್ದರೆ ಸೆಕೆಂಡಿಗೆ ಒಂದು ಸಲ, 4 ಸೆಂ.ಮೀ. ಇದ್ದರೆ ಎರಡೂವರೆ ಸಲ. ಸಂಖ್ಯೆ ಚಿಕ್ಕದಾದಷ್ಟು ಸವಾರಿ ಮೃದು.

ಒಂದು ಸ್ವಚ್ಛ ವಾಹಿನಿಯ ಹಿಂಬದಿ ಸ್ಪ್ರಿಂಗ್ ತುಂಬಿದಾಗ 9 ಸೆಂ.ಮೀ., ಖಾಲಿ ಇದ್ದಾಗ 4 ಸೆಂ.ಮೀ. ಕುಸಿಯುತ್ತದೆ ಎಂದು ಭಾವಿಸಬಹುದು. ಆಗ ತುಂಬಿದ ವಾಹನದ ಜಿಗಿತ ಸೆಕೆಂಡಿಗೆ ಸುಮಾರು 1.7, ಖಾಲಿ ವಾಹನದ್ದು 2.5. ಐದು ಪಾಟಾಗಳ ಜೊತೆಗೆ ಆರನೆಯದನ್ನು ಸೇರಿಸಿದರೆ ಗಡಸುತನ ಸುಮಾರು ಶೇ. 20ರಷ್ಟು ಏರುತ್ತದೆ. ತುಂಬಿದ ವಾಹನದ ಜಿಗಿತ 1.8ಕ್ಕೂ ಖಾಲಿ ವಾಹನದ್ದು 2.7ಕ್ಕೂ ಹೋಗುತ್ತದೆ. ಸ್ವಚ್ಛ ವಾಹಿನಿ ಬೆಳಿಗ್ಗೆ ಖಾಲಿಯಾಗಿಯೇ ಹೊರಡುತ್ತದೆ. ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ತುಂಬುತ್ತದೆ. ಕಸ ಇಳಿಸಿ ಮತ್ತೆ ಖಾಲಿಯಾಗಿ ಮರಳುತ್ತದೆ. ಪೂರ್ಣ ತುಂಬಿರುವ ಸ್ವಲ್ಪ ಹೊತ್ತಿಗಾಗಿ ಸೇರಿಸಿದ ಪಾಟಾ ಉಳಿದ ಹೊತ್ತೆಲ್ಲ ಚಕ್ರವನ್ನು ಪುಟಿಸುತ್ತದೆ.

ಇನ್ನೊಂದು ಅಪಾಯವೂ ಇದೆ. ಪಾಟಾ ಹೆಚ್ಚಿಸಿದರೆ ವಾಹನದ ಭಾರಮಿತಿ ಹೆಚ್ಚುವುದಿಲ್ಲ. ಬ್ರೇಕು, ಅಚ್ಚು, ಚಾಸಿ, ಟಯರು ಎಲ್ಲವೂ ಹಿಂದಿನವೇ. ಕುಸಿತ ಕಣ್ಣಿಗೆ ಕಾಣದಿರುವುದರಿಂದ ಅತಿಭಾರ ಹೇರುವ ಧೈರ್ಯ ಮಾತ್ರ ಹೆಚ್ಚುತ್ತದೆ. ಹಿಂಬದಿಯನ್ನಷ್ಟೇ ಗಡಸು ಮಾಡಿದಾಗ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರಗಳು ಜಾರುವ ಸಂಭವವೂ ಏರುತ್ತದೆ.

3. ಶಾಕ್ ಅಬ್ಸಾರ್ಬರ್: ಮರೆತುಹೋದ ಅಂಗ

ಸ್ಪ್ರಿಂಗ್ ಏಟನ್ನು ನುಂಗುವುದಿಲ್ಲ, ಕೂಡಿಟ್ಟು ಮರಳಿಸುತ್ತದೆ. ಮರಳಿ ಬಂದ ಶಕ್ತಿಯನ್ನು ಎಣ್ಣೆಯ ಸಣ್ಣ ರಂಧ್ರಗಳ ಮೂಲಕ ಹಾಯಿಸಿ ಶಾಖವಾಗಿ ಕರಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದು ಸತ್ತರೆ ಏನಾಗುತ್ತದೆ ಎಂಬುದಕ್ಕೂ ಒಂದು ಲೆಕ್ಕವಿದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ 8.3 ಮೀಟರ್ ಸಾಗುತ್ತದೆ. ರಸ್ತೆಯ ತಗ್ಗುದಿಬ್ಬಗಳು 5 ಮೀಟರಿಗೊಂದರಂತೆ ಬಂದರೆ ಸೆಕೆಂಡಿಗೆ 1.7 ಏಟುಗಳು ಬೀಳುತ್ತವೆ. ಮೇಲೆ ಹೇಳಿದ ತುಂಬಿದ ವಾಹನದ ಸಹಜ ಜಿಗಿತವೂ ಅಷ್ಟೇ. ತೂಗುವ ಜೋಕಾಲಿಗೆ ಸರಿಯಾದ ಕ್ಷಣದಲ್ಲಿ ಕೈಕೊಟ್ಟಂತೆ ಪ್ರತಿ ಏಟೂ ಹಿಂದಿನ ಏಟಿಗೆ ಸೇರಿ ವಾಹನ ತೊನೆಯತೊಡಗುತ್ತದೆ. ಆ ತೊನೆತವನ್ನು ತಡೆಯಬಲ್ಲದ್ದು ಶಾಕ್ ಅಬ್ಸಾರ್ಬರ್ ಒಂದೇ.

ಕಡಿ ಹಾಕಿದ ಕಚ್ಚಾ ರಸ್ತೆಯಲ್ಲಿ ಅಡ್ಡಡ್ಡ ಏಳುವ ಸಣ್ಣ ಅಲೆಗಳದ್ದು ಬೇರೆ ಕಥೆ. 70 ಸೆಂ.ಮೀ. ಅಂತರದ ಅಲೆಗಳ ಮೇಲೆ ಅದೇ 30 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 12ರಷ್ಟು ಏಟುಗಳು. ಇದು ಚಕ್ರ ಮತ್ತು ಅಚ್ಚು ತಾವಾಗಿ ಕುಣಿಯುವ ಗತಿಗೆ ಹತ್ತಿರ. ಇಲ್ಲಿ ಒಡಲು ಅಲುಗದಿದ್ದರೂ ಚಕ್ರ ನೆಲ ಬಿಟ್ಟು ನೆಗೆಯುತ್ತಿರುತ್ತದೆ. ಚಾಲಕಿಗೆ ಸ್ಟೀರಿಂಗ್ ‘ಹಗುರ’ ಅನ್ನಿಸಿದರೆ ಅದು ಒಳ್ಳೆಯ ಲಕ್ಷಣವಲ್ಲ, ವೇಗ ತಗ್ಗಿಸಬೇಕೆಂಬ ಎಚ್ಚರಿಕೆ.

ಶಾಕ್ ಅಬ್ಸಾರ್ಬರ್ ಕೆಟ್ಟಿರುವುದನ್ನು ಗುರುತಿಸುವ ಕುರುಹುಗಳು: ಹೊರಮೈಯಲ್ಲಿ ಎಣ್ಣೆ ಸೋರಿಕೆ, ಟಯರಿನ ಮೇಲ್ಮೈಯಲ್ಲಿ ಅಲ್ಲಲ್ಲಿ ಬಟ್ಟಲಿನಂತೆ ಸವೆತ, ಹಂಪ್ ದಾಟಿದ ಮೇಲೂ ಎರಡು ಮೂರು ಸಲ ತೂಗಾಟ, ಬ್ರೇಕ್ ಹಾಕಿದಾಗ ಮೂತಿ ವಿಪರೀತ ಬಾಗುವುದು. ಬದಲಿಸುವಾಗ ಒಂದೇ ಅಚ್ಚಿನ ಎರಡೂ ಬದಿಗಳಲ್ಲಿ ಒಟ್ಟಿಗೆ ಬದಲಿಸಬೇಕು. ಒಂದು ಹೊಸದು, ಒಂದು ಹಳೆಯದಾದರೆ ವಾಹನ ಒಂದು ಬದಿಗೆ ಎಳೆಯುತ್ತದೆ.

ಇದರಲ್ಲಿ ಆರೋಗ್ಯದ ಪ್ರಶ್ನೆಯೂ ಅಡಗಿದೆ. ಲಂಬ ದಿಕ್ಕಿನಲ್ಲಿ ಸೆಕೆಂಡಿಗೆ 4ರಿಂದ 8 ಕಂಪನಗಳು ಕುಳಿತ ಮನುಷ್ಯನ ದೇಹವನ್ನು ಹೆಚ್ಚು ಬಾಧಿಸುತ್ತವೆ ಎಂಬುದು ಅಂತಾರಾಷ್ಟ್ರೀಯ ಮಾನದಂಡಗಳು ಒಪ್ಪಿದ ಸಂಗತಿ. ಸ್ಪ್ರಿಂಗ್ ಗಡಸಾದಷ್ಟು ವಾಹನ ಆ ವಲಯದತ್ತ ಸರಿಯುತ್ತದೆ. ಚಾಲಕಿ ಸೊಂಟನೋವೆಂದರೆ ಅದನ್ನು ಕೆಲಸದ ಬೇಸರವೆಂದು ತಳ್ಳಿಹಾಕದೆ ಮೊದಲು ವಾಹನವನ್ನು ಪರೀಕ್ಷಿಸುವುದು ಪಂಚಾಯತಿಯ ಕರ್ತವ್ಯ.

4. ಮಗುಚುವಿಕೆ: ಎತ್ತರ ಮತ್ತು ಹೇರಿನ ಲೆಕ್ಕ

ವಾಹನದ ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಸ್ಥಿರತೆಯ ಅಂಕ ಸಿಗುತ್ತದೆ. ಅಂತರ 1.3 ಮೀಟರ್, ಎತ್ತರ 65 ಸೆಂ.ಮೀ. ಇದ್ದರೆ ಅಂಕ 1. ಒಣಕಸವನ್ನು ಅಟ್ಟಿ ಮೇಲೆ ಮೂಟೆ ಕಟ್ಟಿದಾಗ ಗುರುತ್ವಕೇಂದ್ರ 81 ಸೆಂ.ಮೀ.ಗೆ ಏರಿದರೆ ಅಂಕ 0.8. ತ್ರಿಜ್ಯ 15 ಮೀಟರ್ ಇರುವ ತಿರುವಿನಲ್ಲಿ ಮೊದಲ ವಾಹನದ ಕಾಗದದ ಮೇಲಿನ ಗರಿಷ್ಠ ಮಿತಿ ಗಂಟೆಗೆ ಸುಮಾರು 44 ಕಿ.ಮೀ., ಎರಡನೆಯದರದು 39 ಕಿ.ಮೀ. ನಿಜದಲ್ಲಿ ವಾಹನ ಇದಕ್ಕಿಂತ ಬಹಳ ಮೊದಲೇ ಮಗುಚುತ್ತದೆ. ಏಕೆಂದರೆ ಸ್ಪ್ರಿಂಗ್ ಒಂದು ಬದಿಗೆ ಬಾಗಿ ಭಾರವೂ ಆ ಕಡೆಗೆ ಸರಿಯುತ್ತದೆ. ಅದೇ ತಿರುವಿನ ಹೊರಬದಿಯಲ್ಲಿ 15 ಸೆಂ.ಮೀ. ಆಳದ ಗುಂಡಿ ಇದ್ದರೆ ವಾಹನ ಇನ್ನೂ ಆರೂವರೆ ಡಿಗ್ರಿಯಷ್ಟು ವಾಲುತ್ತದೆ.

ಆದ್ದರಿಂದ ನೆಲದಿಂದ ಅಂತರ ಹೆಚ್ಚಿಸಲೆಂದು ಸ್ಪ್ರಿಂಗಿನಡಿ ದಿಮ್ಮಿ ಇರಿಸಿ ವಾಹನವನ್ನು ಎತ್ತರಿಸುವುದು ಸ್ಥಿರತೆಯನ್ನು ಕೊಟ್ಟು ಕಲ್ಲಿನ ಏಟಿನಿಂದ ರಕ್ಷಣೆ ಕೊಂಡಂತೆ. ಕಸದ ವಾಹನಕ್ಕೆ ಈ ವ್ಯಾಪಾರ ಲಾಭದ್ದಲ್ಲ.

ಹೇರಿನ ಹಂಚಿಕೆಯೂ ಅಷ್ಟೇ ಮುಖ್ಯ. ಹಸಿಕಸ ಭಾರ, ಒಣಕಸ ಹಗುರ. ವಾಹನದ ಪೆಟ್ಟಿಗೆಯಲ್ಲಿ ವಿಭಜಕ ಉದ್ದುದ್ದವಾಗಿದ್ದರೆ ಹಸಿಕಸದ ಬದಿಯ ಸ್ಪ್ರಿಂಗ್ ಪ್ರತಿದಿನ ಹೆಚ್ಚು ಭಾರ ಹೊತ್ತು ಬೇಗ ದಣಿಯುತ್ತದೆ. ವಾಹನ ಸದಾ ಒಂದೇ ಕಡೆಗೆ ವಾಲುತ್ತದೆ. ವಿಭಜಕ ಅಡ್ಡಲಾಗಿದ್ದರೆ ಎಡಬಲದ ಭಾರ ಸಮವಾಗುತ್ತದೆ. ಹೊಸ ವಾಹನ ಖರೀದಿಸುವಾಗ ಸದಸ್ಯರು ವಿವರಪಟ್ಟಿಯಲ್ಲಿ ಈ ಅಂಶವನ್ನು ಪರಿಶೀಲಿಸಬೇಕು. ಕಸ ಸುರಿಯಲು ಪೆಟ್ಟಿಗೆ ಎತ್ತುವಾಗ ಗುರುತ್ವಕೇಂದ್ರ ಒಮ್ಮೆಲೇ ಮೇಲೇರುವುದರಿಂದ ಘನತ್ಯಾಜ್ಯ ವಿಲೇವಾರಿ ಘಟಕದಲ್ಲಿ ಸಮತಟ್ಟಾದ ಗಟ್ಟಿ ನೆಲವೊಂದು ಇರಲೇಬೇಕು. ಇಳಿಜಾರಿನಲ್ಲಿ ಪೆಟ್ಟಿಗೆ ಎತ್ತುವುದನ್ನು ನಿಷೇಧಿಸಬೇಕು.

5. ಸುಧಾರಣೆ ಯಾವ ಕ್ರಮದಲ್ಲಿ?

ಕಡಿಮೆ ಖರ್ಚಿನಿಂದ ಹೆಚ್ಚಿನ ಖರ್ಚಿನತ್ತ ಸಾಗುವುದು ವಿವೇಕ.

(ಅ) ಟಯರಿನ ಗಾಳಿ. ಟಯರೇ ಮೊದಲ ಸ್ಪ್ರಿಂಗ್. ಬೆಳಿಗ್ಗೆ ಟಯರ್ ತಣ್ಣಗಿರುವಾಗ ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಗಾಳಿ ತುಂಬಬೇಕು. ಹೆಚ್ಚು ಹೇರಲೆಂದು ಹೆಚ್ಚು ಗಾಳಿ ತುಂಬಿದರೆ ಏಟು ನೇರ ಒಡಲಿಗೆ ತಲುಪುತ್ತದೆ. ಕಡಿಮೆಯಾದರೆ ಟಯರಿನ ಪಕ್ಕೆ ಬಿಸಿಯಾಗಿ ಒಡೆಯುತ್ತದೆ.

(ಆ) ಬಿಗಿತ. ಪಾಟಾವನ್ನು ಅಚ್ಚಿಗೆ ಹಿಡಿದಿಡುವ ಯು-ಬೋಲ್ಟ್ ಸಡಿಲವಾದರೆ ನಡುವಿನ ಬೋಲ್ಟ್ ತುಂಡಾಗಿ ಅಚ್ಚೇ ಓರೆಯಾಗುತ್ತದೆ. ಪಾಟಾ ಬದಲಿಸಿದ ಕೆಲವು ದಿನಗಳ ಬಳಿಕ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು.

(ಇ) ರಬ್ಬರ್ ಬುಶ್‌ಗಳು. ಇವು ಅಗ್ಗ. ಸವೆದರೆ ‘ಟಕ್ ಟಕ್’ ಸದ್ದು ಬರುತ್ತದೆ, ಸ್ಟೀರಿಂಗ್ ಅಲೆಯುತ್ತದೆ.

(ಈ) ಶಾಕ್ ಅಬ್ಸಾರ್ಬರ್ ಜೋಡಿ. ಮೇಲಿನ ಕುರುಹುಗಳಲ್ಲಿ ಯಾವುದು ಕಂಡರೂ ಪರೀಕ್ಷಿಸಿ ಬದಲಿಸಬೇಕು.

(ಉ) ಬಿರುಕು ಬಿಟ್ಟ ಅಥವಾ ದಣಿದ ಪಾಟಾ. ತಯಾರಕರ ಅಳತೆಯದನ್ನೇ, ಎರಡೂ ಬದಿಗೆ ಹಾಕಬೇಕು. ಬೆಸುಗೆ ಹಾಕಿಸಬಾರದು, ಬೆಸುಗೆಯ ಬಿಸಿಗೆ ಸ್ಪ್ರಿಂಗ್ ಉಕ್ಕಿನ ಹದ ಕೆಡುತ್ತದೆ.

(ಊ) ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ಸರಿಪಡಿಸಬೇಕು.

ಇದರೊಂದಿಗೆ ಪ್ರತಿ ಪಂಚಾಯತಿಯೂ ‘ನಾಲ್ಕು ಅಳತೆಯ ವಹಿ’ಯೊಂದನ್ನು ಇಡಬಹುದು. ಖಾಲಿ ವಾಹನವನ್ನು ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆದು ತಿಂಗಳಿಗೊಮ್ಮೆ ಬರೆಯಬೇಕು. ಐದು ನಿಮಿಷದ ಕೆಲಸವಿದು. ಯಾವ ಮೂಲೆ ಕುಸಿಯುತ್ತಿದೆ ಎಂಬುದನ್ನು ಪಾಟಾ ಮುರಿಯುವ ಮೊದಲೇ ಈ ವಹಿ ತಿಳಿಸುತ್ತದೆ. ದುರಸ್ತಿ ಬಿಲ್ಲು ಸಭೆಯ ಮುಂದೆ ಬಂದಾಗ ಅದು ಸಮರ್ಥನೀಯವೇ ಎಂದು ಅಳೆಯಲೂ ಸದಸ್ಯರಿಗೆ ಇದೇ ಆಧಾರ.

6. ಕಾನೂನಿನ ಮಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಕಲಮಿನಂತೆ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ನಿರ್ದೇಶನಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿದಿದೆ. ಸವೆದ ಭಾಗವನ್ನು ಅದೇ ಅಳತೆಯ ಭಾಗದಿಂದ ಬದಲಿಸುವುದು ದುರಸ್ತಿ. ಪೆಟ್ಟಿಗೆಯ ಎತ್ತರ ಹೆಚ್ಚಿಸುವುದು, ಭಾರ ಹೆಚ್ಚಿಸಲೆಂದು ಸ್ಪ್ರಿಂಗ್ ಬದಲಿಸುವುದು ದುರಸ್ತಿಯಲ್ಲ. ಅಪಘಾತವಾದರೆ ವಿಮೆಯ ಪರಿಹಾರಕ್ಕೂ ತೊಡಕಾಗಬಹುದು. ಅತಿಭಾರಕ್ಕೆ, 2019ರ ತಿದ್ದುಪಡಿಯ ನಂತರದ 194ನೇ ಕಲಮಿನಲ್ಲಿ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಕಾನೂನು ಪಾಲಿಸುವಂತೆ ಊರಿಗೆ ಹೇಳುವ ಪಂಚಾಯತಿಯ ವಾಹನವೇ ಅದನ್ನು ಮೀರುವುದು ಶೋಭೆಯಲ್ಲ.

7. ರಸ್ತೆಯೇ ದೊಡ್ಡ ಸಸ್ಪೆನ್ಷನ್

ವಾಹನವನ್ನು ಎಷ್ಟೇ ಸುಧಾರಿಸಿದರೂ ಏಟಿನ ಮೂಲ ರಸ್ತೆಯಲ್ಲಿದೆ. ಗ್ರಾಮ ಪಂಚಾಯತಿ ರಸ್ತೆಗಳ ಪಾಲನೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಪಂಚಾಯತಿಯದೇ ಕಾರ್ಯ. ಇಲ್ಲಿ ಮೂರು ವಿಷಯಗಳನ್ನು ಗಮನಿಸಬೇಕು.

ಮೊದಲನೆಯದು ನೀರು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದರ ಮೇಲಿನ ರಸ್ತೆ ವರ್ಷಕ್ಕೊಮ್ಮೆ ಏರಿ ಇಳಿದು ತಗ್ಗುದಿಬ್ಬವಾಗುತ್ತದೆ. ಪಕ್ಕದ ಗಟಾರು ತುಂಬಿದ್ದರೆ ಮೇಲೆ ಎಷ್ಟು ಡಾಂಬರು ಸುರಿದರೂ ವ್ಯರ್ಥ. ಮಳೆಗೆ ಮೊದಲು ಗಟಾರಿನ ಹೂಳೆತ್ತುವ ಖರ್ಚು, ಮಳೆಯ ನಂತರ ರಸ್ತೆ ಕಟ್ಟುವ ಖರ್ಚಿಗಿಂತ ಎಂದಿಗೂ ಚಿಕ್ಕದು.

ಎರಡನೆಯದು ಭಾರ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ಬೃಹತ್ ರಸ್ತೆ ಪರೀಕ್ಷೆಯಿಂದ ಒಂದು ಸೂತ್ರ ಹೊರಬಂದಿತು: ರಸ್ತೆಗೆ ಆಗುವ ಹಾನಿ, ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. ಭಾರ ಇಮ್ಮಡಿಯಾದರೆ ಹಾನಿ 16 ಪಟ್ಟು. ಟ್ರೇಲರಿನ ಅಚ್ಚಿನ ಭಾರ ಶೇ. 20ರಷ್ಟು ಮಾತ್ರ ಮಿತಿ ಮೀರಿದರೂ ಹಾನಿ ಎರಡು ಪಟ್ಟಿಗಿಂತ ತುಸು ಹೆಚ್ಚು. ಕಬ್ಬು ರೈತನ ಬದುಕು. ಸಾಗಾಟವನ್ನು ತಡೆಯುವ ಮಾತಿಲ್ಲ. ಆದರೆ ಹಂಗಾಮು ಆರಂಭವಾಗುವ ಮುನ್ನ ರೈತರು, ಟ್ರ್ಯಾಕ್ಟರ್ ಮಾಲೀಕರು, ಕಾರ್ಖಾನೆಯ ಪ್ರತಿನಿಧಿಗಳನ್ನು ಗ್ರಾಮಸಭೆಗೆ ಕರೆದು, ಈ ಲೆಕ್ಕವನ್ನು ಮುಂದಿಟ್ಟು, ದುರ್ಬಲ ರಸ್ತೆ ಹಾಗೂ ಮೋರಿಗಳನ್ನು ತಪ್ಪಿಸುವ ಮಾರ್ಗವನ್ನು ನಿಗದಿಪಡಿಸಲು ಸಾಧ್ಯ.

ಮೂರನೆಯದು ಹಂಪ್. ಊರಿನವರ ಒತ್ತಾಯಕ್ಕೆ ಒಂದು ಅಡಿ ಅಗಲ, ಅರ್ಧ ಅಡಿ ಎತ್ತರದ ದಿಬ್ಬ ಹಾಕಿಬಿಡುವ ರೂಢಿ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 99ನೇ ಸಂಹಿತೆಯ 1988ರ ಆವೃತ್ತಿ ಗಂಟೆಗೆ 25 ಕಿ.ಮೀ. ವೇಗಕ್ಕೆ ಸೂಚಿಸಿದ್ದ ದುಂಡುಹಂಪಿನ ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ., ವಕ್ರತೆಯ ತ್ರಿಜ್ಯ 17 ಮೀಟರ್. ಅಗಲವಾದ ಹಂಪ್ ವಾಹನವನ್ನು ನಿಧಾನವಾಗಿ ಏರಿಸಿ ಇಳಿಸುತ್ತದೆ. ಕಿರಿದಾದದ್ದು ಪಾಟಾ ಮುರಿಯುತ್ತದೆ, ಆಂಬುಲೆನ್ಸಿನಲ್ಲಿರುವ ಬಾಣಂತಿಯನ್ನು ಕುಲುಕುತ್ತದೆ, ಬೈಕ್ ಸವಾರನನ್ನು ಬೀಳಿಸುತ್ತದೆ. ಹಂಪ್ ಬೇಡಿಕೆಗೆ ಠರಾವು ಮಾಡುವಾಗ ಸಂಹಿತೆಯ ಅಳತೆ, ಬಿಳಿ ಪಟ್ಟೆ ಮತ್ತು ಮುನ್ಸೂಚನಾ ಫಲಕ ಮೂರನ್ನೂ ಠರಾವಿನಲ್ಲೇ ನಮೂದಿಸಬೇಕು.

8. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಸ್ವಚ್ಛ ವಾಹಿನಿಯ ದುರಸ್ತಿ ವೆಚ್ಚ ಯಾರದೆಂದು ಒಕ್ಕೂಟದೊಂದಿಗಿನ ಒಡಂಬಡಿಕೆಯಲ್ಲಿ ಏನಿದೆ? ಸಣ್ಣ ದುರಸ್ತಿಗೆ ಅನುಮೋದನೆ ಸಿಗಲು ಎಷ್ಟು ದಿನ ಹಿಡಿಯುತ್ತದೆ?

2. ಕಳೆದ ಒಂದು ವರ್ಷದಲ್ಲಿ ಪಾಟಾ, ಶಾಕ್ ಅಬ್ಸಾರ್ಬರ್, ಟಯರುಗಳಿಗೆ ಆದ ವೆಚ್ಚವೆಷ್ಟು? ವಾಹನ ಎಷ್ಟು ದಿನ ನಿಂತಿತ್ತು?

3. ಚಾಲಕಿಯನ್ನು ಕೇಳಿ, ಆಕೆಯ ಮಾರ್ಗದಲ್ಲಿನ ಅತಿ ಕೆಟ್ಟ ಐದು ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಲಾಗಿದೆಯೇ?

4. ಆ ಐದು ಜಾಗಗಳು ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇರಿವೆಯೇ?

ಇವುಗಳಲ್ಲಿ ಮೂರನೆಯ ಪ್ರಶ್ನೆಗೆ ಹೆಚ್ಚು ಮಹತ್ವ ಕೊಡಬೇಕು. ಪಂಚಾಯತಿಯ ಪ್ರತಿಯೊಂದು ಗುಂಡಿಯೂ ಯಾವ ತಿರುವಿನಲ್ಲಿ, ಯಾವ ಬದಿಯಲ್ಲಿ, ಎಷ್ಟು ಆಳವಿದೆ ಎಂಬುದು ದಿನವೂ ಆ ದಾರಿಯಲ್ಲಿ ಕಸದ ಗಾಡಿ ನಡೆಸುವ ಹೆಣ್ಣುಮಗಳಿಗೆ ಗೊತ್ತಿದೆ. ಆಕೆಯನ್ನು ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಮತ್ತು ಹಂಗಾಮಿಗೆ ಮೊದಲು, ಸಭೆಗೆ ಆಹ್ವಾನಿಸಿ, ಕುಳ್ಳಿರಿಸಿ, ಹೇಳಿದ್ದನ್ನು ನಡಾವಳಿಯಲ್ಲಿ ದಾಖಲಿಸಿದರೆ ವಾಹನ, ರಸ್ತೆ ಎರಡರ ಸುಧಾರಣೆಯೂ ಅಲ್ಲಿಂದಲೇ ಆರಂಭವಾಗುತ್ತದೆ.